ತಡವರಿಸುವ ವೀಡಿಯೊ: ದೋಷ ಸಂಪರ್ಕದ್ದೋ, ಗಣಕದ್ದೋ?

ತೆರಿಗೆ ನಿಯಮಗಳ ಕುರಿತ ಉಪನ್ಯಾಸ, ಹೊಸ ಯಂತ್ರದ ಪ್ರಾತ್ಯಕ್ಷಿಕೆ, ನೌಕರರ ತರಬೇತಿ ಇವೆಲ್ಲವೂ ಇಂದು ಅಂತರಜಾಲದ ವೀಡಿಯೊ ಮೂಲಕ ವ್ಯಾಪಾರಸ್ಥರ ಕಚೇರಿಯನ್ನು ತಲುಪುತ್ತಿವೆ. ಮುಖ್ಯ ಅಂಶ ಬರುವ ವೇಳೆಗೆ ಚಿತ್ರ ನಿಂತುಹೋದರೆ ಉದ್ದೇಶವೇ ಕೆಡುತ್ತದೆ. ಆಗ ಹೆಚ್ಚಿನ ವೇಗದ, ದುಬಾರಿ ಯೋಜನೆಗೆ ಬದಲಾಯಿಸಿಕೊಳ್ಳುವವರು ಅನೇಕರು. ದೋಷ ಗಣಕದಲ್ಲಿಯೇ ಇದ್ದರೆ ಆ ವೆಚ್ಚ ವ್ಯರ್ಥ. ಆದುದರಿಂದ ಹಣ ತೆರುವ ಮೊದಲು ದೋಷದ ನೆಲೆಯನ್ನು ಗುರುತಿಸುವುದು ಅವಶ್ಯಕ.

ಎರಡು ಬಗೆಯ ದೋಷ

ವೀಡಿಯೊ ಸಣ್ಣ ತುಣುಕುಗಳಾಗಿ ಬರುತ್ತದೆ. ಮುಂದಿನ ಕೆಲವು ಸೆಕೆಂಡುಗಳಿಗೆ ಬೇಕಾದಷ್ಟು ಭಾಗ ಗಣಕದಲ್ಲಿ ಮುಂಚಿತವಾಗಿ ಶೇಖರವಾಗುತ್ತದೆ. ಈ ದಾಸ್ತಾನಿಗೆ ‘ಬಫರ್’ ಎಂದು ಹೆಸರು. ಆವಕಕ್ಕಿಂತ ಖರ್ಚು ಹೆಚ್ಚಾದಾಗ ದಾಸ್ತಾನು ಬರಿದಾಗಿ ಚಿತ್ರ, ಧ್ವನಿ ಎರಡೂ ನಿಲ್ಲುತ್ತವೆ. ತೆರೆಯ ಮೇಲೆ ವೃತ್ತ ಸುತ್ತತೊಡಗುತ್ತದೆ. ಇದು ಸಂಪರ್ಕದ ದೋಷ. ಮುದ್ರಿತ ವೀಡಿಯೊದಲ್ಲಿ ಧ್ವನಿ ಸರಾಗವಾಗಿದ್ದು ಚಿತ್ರ ಮಾತ್ರ ಜಿಗಿಯುತ್ತಿದ್ದರೆ, ಬಂದ ತುಣುಕುಗಳನ್ನು ಬಿಡಿಸಿ ತೋರಿಸಲು ಗಣಕ ಸೋಲುತ್ತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು.

ಯೂಟ್ಯೂಬ್ ವೀಡಿಯೊ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆಯ್ದರೆ ಈ ಸಂಶಯ ಪರಿಹಾರವಾಗುತ್ತದೆ. ‘ಬಫರ್ ಹೆಲ್ತ್’ ಸೊನ್ನೆಗೆ ಇಳಿಯುತ್ತಿದ್ದರೆ ಸಂಪರ್ಕವನ್ನೂ, ‘ಡ್ರಾಪ್ಡ್ ಫ್ರೇಮ್ಸ್’ ಸಂಖ್ಯೆ ಏರುತ್ತಲೇ ಇದ್ದರೆ ಗಣಕವನ್ನೂ ಪರೀಕ್ಷಿಸಬೇಕು.

ಸಂಪರ್ಕದ ದೋಷಕ್ಕೆ

ಯೂಟ್ಯೂಬ್ ಸೂಚಿಸುವಂತೆ 480ಪಿ ಗುಣಮಟ್ಟಕ್ಕೆ 1.1, 720ಪಿಗೆ 2.5, 1080ಪಿಗೆ 5 ಎಂಬಿಪಿಎಸ್ ವೇಗ ಸಾಕು. ಆದರೆ ಕಚೇರಿಯ ಇತರ ಗಣಕಗಳೂ ಮೊಬೈಲುಗಳೂ ಅದೇ ವೇಗವನ್ನು ಹಂಚಿಕೊಳ್ಳುತ್ತವೆ. ಕಡತಗಳ ಬ್ಯಾಕಪ್, ವಿಂಡೋಸ್ ಅಪ್‌ಡೇಟ್‌ಗಳನ್ನು ಕೆಲಸದ ವೇಳೆಯ ಆಚೆಗೆ ಇರಿಸುವುದು ಲೇಸು. ಅನಂತರ ವೈಫೈ ಬಿಟ್ಟು, ಗಣಕವನ್ನು ಲ್ಯಾನ್ ಕೇಬಲ್‌ನಿಂದ ರೌಟರ್‌ಗೆ ನೇರವಾಗಿ ಜೋಡಿಸಿ ನೋಡಬೇಕು. ವೀಡಿಯೊ ಸರಿಯಾಗಿ ಓಡಿದರೆ ದೋಷ ವೈಫೈಯದು, ಯೋಜನೆಯದಲ್ಲ. ಆಗ ರೌಟರನ್ನು ಸಮೀಪಕ್ಕೆ ತರುವುದು ಅಥವಾ 2.4 ಗಿಗಾಹರ್ಟ್ಸ್ ಬದಲು 5 ಗಿಗಾಹರ್ಟ್ಸ್ ತರಂಗ ಬಳಸುವುದು ಉಪಯುಕ್ತ. ಆದರೆ 5 ಗಿಗಾಹರ್ಟ್ಸ್ ತರಂಗ ಗೋಡೆಗಳನ್ನು ದಾಟುವಾಗ ಹೆಚ್ಚು ಕ್ಷೀಣಿಸುತ್ತದೆ.

ಗಣಕದ ದೋಷಕ್ಕೆ

ಬೇಡವಾದ ತಂತ್ರಾಂಶಗಳನ್ನು ಮುಚ್ಚಿ, ಗುಣಮಟ್ಟವನ್ನು 1080ಪಿಯಿಂದ 720ಪಿಗೆ ಇಳಿಸುವುದು ಮೊದಲ ಉಪಾಯ. ಎರಡನೆಯದಾಗಿ, ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಚಾಲನೆಯಲ್ಲಿದೆಯೇ ಎಂದು ನೋಡಿ, ಗ್ರಾಫಿಕ್ಸ್ ಡ್ರೈವರನ್ನು ನವೀಕರಿಸಬೇಕು. 2018ರಲ್ಲಿ ಬಂದ ಎವಿ1 ವಿಧಾನದ ವೀಡಿಯೊ ಬಿಡಿಸುವ ಯಂತ್ರಾಂಶ ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ದೊರೆತದ್ದು 2020ರ 11ನೇ ಪೀಳಿಗೆಯಿಂದ. ಹಳೆಯ ಗಣಕಗಳಲ್ಲಿ ಆ ಹೊರೆಯೆಲ್ಲ ಪ್ರೊಸೆಸರ್ ಮೇಲೆಯೇ ಬೀಳುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಅಡೋಬಿ ಸಂಸ್ಥೆಯು ಫ್ಲ್ಯಾಶ್ ಪ್ಲೇಯರ್‌ಗೆ ನೀಡುತ್ತಿದ್ದ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ವೀಡಿಯೊ ನೋಡಲು ಫ್ಲ್ಯಾಶ್ ನವೀಕರಿಸಿರಿ ಎಂಬ ಸೂಚನೆ ಬಂದರೆ ಅದನ್ನು ಮೋಸವೆಂದೇ ಪರಿಗಣಿಸಬೇಕು.

ದೂರು ನೀಡುವ ಮುನ್ನ

ಸೇವಾದಾರರು ಹೇಳುವ ವೇಗ ಮೆಗಾಬಿಟ್‌ಗಳಲ್ಲಿರುತ್ತದೆ. ಕಡತ ಇಳಿಸುವಾಗ ಕಾಣುವುದು ಹೆಚ್ಚಾಗಿ ಮೆಗಾಬೈಟ್‌ಗಳಲ್ಲಿ. 8 ಬಿಟ್‌ಗೆ 1 ಬೈಟ್ ಆದ್ದರಿಂದ 40 ಮೆಗಾಬಿಟ್ ಯೋಜನೆಯಲ್ಲಿ 5 ಮೆಗಾಬೈಟ್ ಕಂಡರೆ ಅದು ಕೊರತೆಯಲ್ಲ. ಕೇಬಲ್ ಜೋಡಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಅಳೆದ ವೇಗವನ್ನು ದಿನಾಂಕ ಸಹಿತ ಬರೆದಿಟ್ಟು ದೂರಿನೊಂದಿಗೆ ಲಗತ್ತಿಸಿದರೆ, ದೋಷ ತಮ್ಮದಲ್ಲವೆಂದು ಸೇವಾದಾರರು ಜಾರಿಕೊಳ್ಳುವುದು ಕಷ್ಟ.