ರಾಜೀನಾಮೆಗೆ ಮುನ್ನ ಸಿಲಿಂಡರ್ ಮೇಲೆ ತಾರೀಖು ಬರೆಯಿರಿ

ಮದುವೆ ಮನೆಯಲ್ಲಿ ಐನೂರು ಎಲೆಗೆ ಅಡುಗೆ ಮಾಡುವ ಭಟ್ಟರು ಗಂಡಸರು. ಹೋಟೆಲಿನ ದೋಸೆ ಕಲ್ಲಿನ ಮುಂದೆ ಬೆವರು ಒರೆಸಿಕೊಳ್ಳುವವನೂ ಗಂಡಸೇ. ರುಚಿಗಟ್ಟಾದ ಅಡುಗೆಗೆ ನಾವಿಟ್ಟ ಹೆಸರುಗಳು ನಳಪಾಕ, ಭೀಮಪಾಕ. ಅದೇ ಗಂಡಸು ಸಂಬಳವಿಲ್ಲದೆ ತನ್ನ ಮನೆಯ ಒಲೆ ಮುಂದೆ ನಿಂತರೆ ಮಾತ್ರ, 'ಪಾಪ, ಕೆಲಸ ಹೋಯ್ತಂತೆ' ಎಂದು ಬೀದಿಯೆಲ್ಲ ಮರುಗುತ್ತದೆ. 'ಗೃಹಿಣಿ'ಗೆ ಜೊತೆಯಾಗಿ 'ಗೃಹಸ್ಥ' ಎಂಬ ಪದವಿದೆ ನಿಜ. ಆ ಪದ ಈವರೆಗೆ ಪಾತ್ರೆ ತೊಳೆದದ್ದನ್ನು ನಾನು ಕಂಡಿಲ್ಲ.

ನಾಲ್ಕು ವರ್ಷದ ಹಿಂದೆ ನಾನು ಕೆಲಸ ಬಿಟ್ಟೆ. ಹೆಂಡತಿ ಬ್ಯಾಂಕ್ ಅಧಿಕಾರಿ, ಅವಳಿಗೆ ಬಡ್ತಿಯ ಜೊತೆ ವರ್ಗಾವಣೆಯೂ ಬಂತು. ಮಕ್ಕಳಿಬ್ಬರು, ನನ್ನ ತಾಯಿ ಜೊತೆಗಿದ್ದಾರೆ. ಯಾರಾದರೊಬ್ಬರು ಮನೆಯಲ್ಲಿರಬೇಕಿತ್ತು, ಕಡಿಮೆ ಸಂಬಳದವನು ನಾನಾಗಿದ್ದೆ. ಈಗ ಪರಿಚಯದವರು ಫೋನ್ ಮಾಡಿ, ಸ್ವಲ್ಪ ದನಿ ತಗ್ಗಿಸಿ, 'ಹೇಗ್ರೀ ಮಾಡಿದ್ರಿ?' ಎಂದು ಕೇಳುತ್ತಾರೆ. ನಾನು ಮಾಡಿದ ಕ್ರಮದಲ್ಲಿ ಹೇಳುವುದಿಲ್ಲ, ಮಾಡಬೇಕಿದ್ದ ಕ್ರಮದಲ್ಲಿ ಹೇಳುತ್ತೇನೆ.

ಆರು ತಿಂಗಳು ಮೊದಲು: ಒಂದೇ ಸಂಬಳದಲ್ಲಿ ಬದುಕಿ ನೋಡಿ

ನಿಮ್ಮ ಸಂಬಳ ಬಂದ ದಿನವೇ ಅಷ್ಟನ್ನೂ ಬೇರೆ ಖಾತೆಗೆ ಹಾಕಿ, ಅದನ್ನು ಮರೆತುಬಿಡಿ. ಮನೆ ಸಾಲದ ಕಂತು, ಸ್ಕೂಲ್ ಫೀ, ಊರಿಗೆ ಕಳಿಸುವ ಹಣ, ಎಲ್ಲವೂ ಒಬ್ಬರ ಸಂಬಳದಲ್ಲೇ ನಡೆಯಲಿ. ಈ ಆರು ತಿಂಗಳಲ್ಲಿ ಒಂದು ಜೂನ್ ತಿಂಗಳು ಅಥವಾ ಒಂದು ದೊಡ್ಡ ಹಬ್ಬ ಬರಲೇಬೇಕು. ಫೀ ಇಲ್ಲದ, ಹಬ್ಬವಿಲ್ಲದ, ಮದುವೆ ಮುಯ್ಯಿಲ್ಲದ ತಿಂಗಳ ಲೆಕ್ಕವನ್ನು ನಂಬಬೇಡಿ. ಮುಟ್ಟಬಾರದ ಖಾತೆಗೆ ಮೂರು ಸಲ ಕೈಹಾಕಿದಿರಾದರೆ ರಾಜೀನಾಮೆ ಮುಂದೂಡಿ. ಹಾಕದಿದ್ದರೆ ಆ ಆರು ಸಂಬಳವೇ ನಿಮ್ಮ ಆಪದ್ಧನ. ಇಬ್ಬರು ದುಡಿಯುವ ಮನೆಗೆ ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಸಾಕು ಎನ್ನುತ್ತಾರೆ. ಒಬ್ಬರೇ ದುಡಿಯುವ ಮನೆಗೆ ಒಂದು ವರ್ಷದ್ದು ಇರಲಿ ಎಂಬುದು ನನ್ನ ಹಟ.

ಇಬ್ಬರ ಹೆಸರಿನಲ್ಲೂ ಒಂದು ಜಂಟಿ ಖಾತೆ ತೆರೆಯಿರಿ. ಪ್ರತಿ ತಿಂಗಳು ಒಂದನೇ ತಾರೀಖು ಮನೆಖರ್ಚು ಅದಕ್ಕೆ ತಾನಾಗಿ ಬಂದು ಬೀಳಲಿ. ಅದರ ಜೊತೆಗೆ ಒಂದು ಸಣ್ಣ ಮೊತ್ತ ನಿಮ್ಮ ಸ್ವಂತ ಖಾತೆಗೂ ಬರಬೇಕು, ಲೆಕ್ಕ ಕೊಡಬೇಕಿಲ್ಲದ ಹಣ. ಇದನ್ನು ಮಾತಾಡಲು ಗಂಡಸರು ನಾಚುತ್ತಾರೆ. ನಾನೂ ನಾಚಿ ಮೂರು ತಿಂಗಳು ಸುಮ್ಮನಿದ್ದೆ. ಗೆಳೆಯರ ಜೊತೆ ಕಾಫಿಗೆ ಹೋಗುವುದನ್ನೇ ನಿಲ್ಲಿಸಿದ್ದೆ. ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ ಯಾಕೆ ದುಡ್ಡು ಬಚ್ಚಿಡುತ್ತಿದ್ದರೆಂದು ಆಗ ಅರ್ಥವಾಯಿತು.

ತೆರಿಗೆಯ ಒಂದು ಗುಟ್ಟು ಗೊತ್ತಿರಲಿ. ಹೆಂಡತಿ ಗಂಡನಿಗೆ ಕೊಟ್ಟ ಹಣಕ್ಕೆ ತೆರಿಗೆಯಿಲ್ಲ. ಆದರೆ ಆ ಹಣವನ್ನು ನಿಮ್ಮ ಹೆಸರಿನಲ್ಲಿ ಎಫ್‌ಡಿ ಇಟ್ಟರೆ ಬರುವ ಬಡ್ಡಿ ಅವಳ ಆದಾಯಕ್ಕೇ ಸೇರುತ್ತದೆ. 'ನಿಮ್ಗೆ ಇನ್‌ಕಮ್ ಇಲ್ವಲ್ಲ, ನಿಮ್ಮ ಹೆಸರಲ್ಲಿ ಇಡಿ, ಟ್ಯಾಕ್ಸ್ ಉಳಿಯುತ್ತೆ' ಎನ್ನುವ ಸಲಹೆಗಾರರು ಪ್ರತಿ ಬೀದಿಯಲ್ಲೂ ಇದ್ದಾರೆ.

ಮೂರು ತಿಂಗಳು ಮೊದಲು: ಕಾಗದ ಪತ್ರ

ನಾನು ಎಡವಿದ್ದು ಇಲ್ಲಿ. ಅಮ್ಮ ನನ್ನ ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿದ್ದರು. ನನ್ನ ಕೊನೆಯ ದಿನ ಶುಕ್ರವಾರ, ಅವರ ಕಣ್ಣಿನ ಪೊರೆಯ ಆಪರೇಷನ್ ಮುಂದಿನ ಗುರುವಾರ. ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ ಎಂಬುದು ನನಗೆ ತಿಳಿದದ್ದು ಆಸ್ಪತ್ರೆಯ ಕೌಂಟರಿನಲ್ಲಿ. ಪೂರ್ತಿ ಹಣ ಕೈಯಿಂದ ಹೋಯಿತು, ತಪ್ಪು ನನ್ನದೇ.

ಆದ್ದರಿಂದ ಕೆಲಸದಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ಕಾಯಬೇಕು. ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷದವರೆಗೂ ಕಾಯಿಸಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶವಿದೆ, ಕೆಲಸ ಬಿಡುವ ಮೊದಲೇ ವಿಚಾರಿಸಿ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ, ಅಷ್ಟು ಹಗುರ. ಹೆಂಡತಿಯ ಕಚೇರಿಯ ವಿಮೆಗೆ ನಿಮ್ಮನ್ನು ಯಾವಾಗ ಸೇರಿಸಬಹುದೆಂದು ಅವಳ ಎಚ್‌ಆರ್ ವಿಭಾಗವನ್ನು ಕೇಳಿ. ಟರ್ಮ್ ವಿಮೆಯೂ ಹಾಗೆಯೇ: ಕಂಪನಿಗಳು ಆದಾಯ ನೋಡಿ ಮೊತ್ತ ಕೊಡುತ್ತವೆ, ನಿಮ್ಮದನ್ನು ಸಂಬಳದ ಚೀಟಿ ಇರುವಾಗಲೇ ಮಾಡಿಸಿ. ಅದಕ್ಕಿಂತ ಮುಖ್ಯ ಅವಳ ಟರ್ಮ್ ವಿಮೆ; ಇನ್ನು ಮುಂದೆ ಮನೆ ನಿಂತಿರುವುದು ಅವಳ ದುಡಿಮೆಯ ಮೇಲೆ.

ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಎರಡೂ ಸೇರಿ 40,000 ರೂಪಾಯಿ, ಎಂಟು ವರ್ಷ ಸೇವೆ ಎಂದಾದರೆ ಸುಮಾರು 1,84,600 ರೂಪಾಯಿ. ಐದು ವರ್ಷ ತುಂಬಲು ಎರಡು ತಿಂಗಳಿದ್ದರೆ ಹಲ್ಲು ಕಚ್ಚಿಕೊಂಡು ಇರಿ.

ಪಿಎಫ್ ಹಣ ತೆಗೆಯಲು ಆತುರ ಬೇಡ. ಬಡ್ಡಿ ಸೇರುತ್ತಿರುತ್ತದೆ (2024-25ಕ್ಕೆ ಶೇ 8.25 ಇತ್ತು), ಕೆಲಸ ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆ ಇದೆ ಅಷ್ಟೆ. ಐದು ವರ್ಷ ಸತತ ಸೇವೆಯಾಗದೆ ತೆಗೆದರೆ ತೆಗೆದ ಹಣಕ್ಕೂ ತೆರಿಗೆ ಬೀಳುತ್ತದೆ. ಹತ್ತು ವರ್ಷ ಪೂರೈಸಿದವರು ಪಿಂಚಣಿಯ ಸ್ಕೀಮ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ, 58ಕ್ಕೆ ಕೆಲಸಕ್ಕೆ ಬರುತ್ತದೆ. ನಿಮ್ಮ ಯುಎಎನ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ರಿಲೀವಿಂಗ್ ಪತ್ರ, ಫಾರಂ 16 ಕೈಗೆ ಬರುವವರೆಗೆ ಯಾರ ಜೊತೆಗೂ ಜಗಳ ಮಾಡಬೇಡಿ.

ಸರ್ಕಾರಿ ಯೋಜನೆಯಲ್ಲಿ ಏನಾದರೂ ಸಿಗುತ್ತದೆಯೇ ಎಂದು ಒಬ್ಬರು ಕೇಳಿದರು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಹೆಂಗಸು. ಗೃಹಲಕ್ಷ್ಮಿಯ 2,000 ರೂಪಾಯಿಯೂ ಯಜಮಾನಿಗೇ. ಗೃಹನಾರಾಯಣನಿಗೆ ಯೋಜನೆಯಿಲ್ಲ. ಹೆಂಡತಿ ಆದಾಯ ತೆರಿಗೆ ಕಟ್ಟುವವಳಾದರೆ ಅವಳಿಗೂ ಇಲ್ಲ.

ಒಂದು ತಿಂಗಳು ಮೊದಲು: 'ಸಹಾಯ' ನಿಲ್ಲಿಸಿ

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ನಾನು 88ರ ಪೈಕಿಯವನಾಗಿದ್ದೆ, ಸಾಕಷ್ಟು ಹೆಮ್ಮೆಯಿಂದಲೇ. ತರಕಾರಿ ಹೆಚ್ಚುತ್ತಿದ್ದೆ, ಬಟ್ಟೆ ಒಣಹಾಕುತ್ತಿದ್ದೆ. ಯಾವ ತರಕಾರಿ, ಯಾವ ಬಟ್ಟೆ ಎಂದು ಮಾತ್ರ ಅವಳು ಹೇಳಬೇಕಿತ್ತು.

ಮನೆ ನಡೆಸುವುದೆಂದರೆ ಆ ಹೇಳುವ ಕೆಲಸ. ಹಾಗಾಗಿ ಹದಿನೈದು ದಿನ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹೆಂಡತಿ ನೆನಪಿಟ್ಟು ಮಾಡಿದ್ದು, ನೆನಪಿಸಿ ಮಾಡಿಸಿದ್ದು, ಎಲ್ಲ ಬರೆಯಿರಿ. ನನ್ನ ಪುಸ್ತಕದಲ್ಲಿ ಬಂದ ಕೆಲವು ಸಾಲು: ಶನಿವಾರ ಬಿಳಿ ಶೂ. ಅಮ್ಮನ ಬಿಪಿ ಮಾತ್ರೆ ನಾಲ್ಕೇ ಉಳಿದಿದೆ. ಗ್ಯಾಸ್ ಬುಕ್ ಮಾಡಬೇಕು. ಚಿಕ್ಕವನಿಗೆ ಐದು ತುಂಬಿತು, ಡಿಪಿಟಿ ಬೂಸ್ಟರ್. ಕೆಲಸದಾಕೆಯ ಮಗಳ ಪರೀಕ್ಷೆ, ಮುಂಗಡ ಕೇಳಬಹುದು. ನೆನೆಹಾಕಿದ ಕಡಲೆ. ಇಂಥವು ನೂರರ ಹತ್ತಿರ ಬಂದವು. ರಾಜೀನಾಮೆ ಕೊಡುವ ಮೊದಲೇ ಇದರಲ್ಲಿ ಮೂರನೆಯ ಒಂದು ಪಾಲನ್ನು ಪೂರ್ತಿಯಾಗಿ ವಹಿಸಿಕೊಳ್ಳಿ. ಪೂರ್ತಿ ಎಂದರೆ, ಮರೆತರೆ ಬೈಗುಳವೂ ನಿಮಗೇ.

ಅವಳೂ ಬಿಟ್ಟುಕೊಡಬೇಕು. ನೀವು ಮಡಿಸಿದ ಸೀರೆಯನ್ನು ಅವಳು ಮತ್ತೆ ಬಿಚ್ಚಿ ಮಡಿಸಿದರೆ ಇಬ್ಬರೂ ಕೂತು ಮಾತಾಡಿ. ನಮ್ಮಲ್ಲಿ ಜಗಳವಾದದ್ದು ಒಗ್ಗರಣೆಗೆ ಇಂಗು ಯಾವಾಗ ಹಾಕಬೇಕೆಂಬ ಬಗ್ಗೆ.

ಮೊದಲ ನೂರು ದಿನ

ಅಡುಗೆಯಲ್ಲಿ ಶೌರ್ಯ ಬೇಡ. ಎರಡು ಸಾರು, ಒಂದು ಹುಳಿ, ನಾಲ್ಕು ಪಲ್ಯ, ಚಪಾತಿ ಅಥವಾ ಮುದ್ದೆ. ಇಷ್ಟು ಕೈಗೆ ಹತ್ತಿದರೆ ವಾರ ಉರುಳುತ್ತದೆ. ಯೂಟ್ಯೂಬ್ ನೋಡಿ ಪನೀರ್ ಮಾಡುವವನು ಬುಧವಾರಕ್ಕೆ ಸುಸ್ತಾಗಿರುತ್ತಾನೆ. ದೋಸೆಗೆ ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಹುದುಗಲು ಹೆಚ್ಚು ಹೊತ್ತು ಬೇಕು, ಮಧ್ಯಾಹ್ನವೇ ರುಬ್ಬಿ.

ಲೆಕ್ಕಕ್ಕೆ ಆ್ಯಪ್ ಬೇಕಿಲ್ಲ. ಹೊಸ ಸಿಲಿಂಡರ್ ಜೋಡಿಸಿದ ದಿನ ಅದರ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ. 14.2 ಕಿಲೋ ಅನಿಲ ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆಂದು ಎರಡು ಸಿಲಿಂಡರಿಗೇ ತಿಳಿಯುತ್ತದೆ. ಬೇಳೆ, ಎಣ್ಣೆ, ಸಾರಿನ ಪುಡಿ ಡಬ್ಬಿಗೂ ಹೀಗೇ ಒಂದು ಚೀಟಿ ಅಂಟಿಸಿ.

ಶಾಲೆಗೆ ಹೋಗಿ ಮೊದಲ ಸಂಪರ್ಕ ಸಂಖ್ಯೆ ನಿಮ್ಮದೆಂದು ಬರೆಸಿ. ಇಲ್ಲದಿದ್ದರೆ ಮಗುವಿಗೆ ಜ್ವರ ಬಂದಾಗ ಮೀಟಿಂಗಿನಲ್ಲಿರುವ ತಾಯಿಗೇ ಫೋನ್ ಹೋಗುತ್ತದೆ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ 'ಮದರ್ಸ್' ಎಂದು ಹೆಸರಿರಬಹುದು, ಸಂಕೋಚಪಡದೆ ಸೇರಿ. ನಾಳೆಯ ಡ್ರಾಯಿಂಗ್ ಶೀಟ್ ಸುದ್ದಿ ಬೇರೆಲ್ಲೂ ಸಿಗದು.

ಮನೆಗೆಲಸದಾಕೆಯ ವಿಷಯ ಸೂಕ್ಷ್ಮ. ಹಗಲಲ್ಲಿ ಗಂಡಸೊಬ್ಬನೇ ಇರುವ ಮನೆಗೆ ಬರಲು ಅವಳಿಗೆ ಹಿಂಜರಿಕೆಯಿದ್ದರೆ ಅದು ನ್ಯಾಯವೇ. ಮುಂಬಾಗಿಲು ತೆರೆದಿಡಿ, ಅವಳ ವೇಳೆಯನ್ನು ಹೆಂಡತಿ ಮನೆಯಲ್ಲಿರುವ ಬೆಳಗಿನ ಹೊತ್ತಿಗೆ ಹೊಂದಿಸಿ, ಇಲ್ಲವೇ ಆ ಕೆಲಸ ನೀವೇ ಮಾಡಿ.

ನೆಂಟರ ಪ್ರಶ್ನೆಗೆ ಒಂದೇ ವಾಕ್ಯ ಸಾಕು: 'ಮನೆ ನೋಡ್ಕೋತಿದೀನಿ.' ಕನ್ಸಲ್ಟೆನ್ಸಿ, ಷೇರು ಮಾರುಕಟ್ಟೆ ಎಂದು ಸುಳ್ಳು ಪೋಣಿಸಿದರೆ ಮುಂದಿನ ಮದುವೆಯಲ್ಲಿ ಯಾರೋ ಷೇರಿನ ಟಿಪ್ಸ್ ಕೇಳುತ್ತಾರೆ. ಹನ್ನೊಂದರಿಂದ ಮೂರರವರೆಗಿನ ಹೊತ್ತು ಮಾತ್ರ ಉದ್ದ. ಅಷ್ಟರಲ್ಲಿ ವಾರಕ್ಕೆರಡು ದಿನವಾದರೂ ಮನೆಯಿಂದ ಹೊರಗಿರಿ, ಕೈಯಲ್ಲಿ ತರಕಾರಿ ಚೀಲವಿಲ್ಲದೆ. ನಿಮ್ಮ ವೃತ್ತಿಯ ಲೈಸೆನ್ಸ್, ಸದಸ್ಯತ್ವ ಏನಿದೆಯೋ ಅದನ್ನು ನವೀಕರಿಸುತ್ತಿರಿ.

ಕೊನೆಯದಾಗಿ, ಈ ವ್ಯವಸ್ಥೆಯನ್ನು ಮರುವಿಚಾರ ಮಾಡುವ ದಿನವನ್ನು ಮೊದಲೇ ಗೊತ್ತುಮಾಡಿ. ಆ ದಿನ ಇಬ್ಬರಲ್ಲಿ ಯಾರು ಬೇಕಾದರೂ 'ಸಾಕು' ಎನ್ನಬಹುದು, ಕಾರಣ ಕೊಡಬೇಕಿಲ್ಲ. ನಮ್ಮ ಮನೆಯಲ್ಲಿ ಅದು ಯುಗಾದಿಯ ಹೊಸತೊಡಕು ಮುಗಿದ ಮೇಲಿನ ಭಾನುವಾರ. ನಾಲ್ಕು ಸಲ ಕೂತಿದ್ದೇವೆ. ಮೂರು ಸಲ ಐದು ನಿಮಿಷದಲ್ಲಿ ಮುಗಿಯಿತು, ಒಂದು ಸಲ ರಾತ್ರಿ ಹನ್ನೆರಡಾಯಿತು.