ಹಿಂದಿಗೆ ಹೊರಳಬೇಡಿ, ಸ್ವಲ್ಪ ಕಾಯಿರಿ

ದೂರದ ರಾಜ್ಯಗಳಿಂದ ದಾವಣಗೆರೆಗೆ ವೈದ್ಯಕೀಯ ಓದಲು ಬರುವ ಹುಡುಗ ಹುಡುಗಿಯರಿಗೆ ಕನ್ನಡ ಹವ್ಯಾಸದ ವಿಷಯವಲ್ಲ. ಲೋಕಿಕೆರೆಯಿಂದ ಬಸ್ ಹತ್ತಿ ಆಸ್ಪತ್ರೆಗೆ ಬಂದ ಅಜ್ಜಿ ‘ಎದಿ ಉರಿತೈತಿ, ರಾತ್ರಿ ನಿದ್ದಿನೇ ಇಲ್ಲ’ ಅಂದರೆ ಅದು ಅವರಿಗೆ ತಿಳಿಯಲೇಬೇಕು. 2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮ ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯನ್ನೂ ಸೇರಿಸಿದೆ. ತರಗತಿಯಲ್ಲಿ ಪದ, ವಾಕ್ಯ ಸಿಗುತ್ತವೆ. ಮಾತು ಬಾಯಿಗೆ ಬರುವುದು ಮಾತ್ರ ಮನೆ ಓನರ್, ಮೆಸ್ಸಿನವರು, ಅಂಗಡಿಯವರು ಮಾತಾಡಿಸಿದಾಗ. ಅಂದರೆ ಮೇಷ್ಟ್ರು ನೀವೇ. ಈ ಕೆಲಸಕ್ಕೆ ನೀವು ಹೊಸಬರು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಎದುರಿಗಿದ್ದವರು ತಡವರಿಸಿದ ಕೂಡಲೇ ನಾವು ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತೇವೆ. ಉಪಕಾರವೆಂದೇ ಹಾಗೆ ಮಾಡುತ್ತೇವೆ. ಆದರೆ ವಾಕ್ಯ ಕಟ್ಟಲು ಅವರು ಒದ್ದಾಡುತ್ತಿದ್ದ ಆ ಕ್ಷಣವೇ ಕಲಿಕೆಯ ಕ್ಷಣ. ಕೆನಡಾದ ಸೇಂಟ್ ಲ್ಯಾಂಬರ್ಟಿನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಹೇಳುವ ಪ್ರಯೋಗ ಶುರುವಾಯಿತು, ಮುಂದೆ ದೇಶದ ಬೇರೆ ಕಡೆಗೂ ಹಬ್ಬಿತು. ಅಂಥ ಶಾಲೆಗಳಲ್ಲಿ ವರ್ಷಗಟ್ಟಲೆ ಕೇಳಿದ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿಯೇ ಅರ್ಥವಾಗುತ್ತಿತ್ತು, ಆಡುವಾಗಿನ ತಪ್ಪುಗಳು ಮಾತ್ರ ಉಳಿದೇ ಇದ್ದವು. ಅವರನ್ನು ಗಮನಿಸಿದ ಭಾಷಾ ಸಂಶೋಧಕಿ ಮೆರಿಲ್ ಸ್ವೈನ್ 1985ರಲ್ಲಿ, ಕೇಳಿದರೆ ಸಾಲದು, ತಾವೇ ಆಡಬೇಕು ಎಂದು ವಾದಿಸಿದರು. ನನಗೂ ಅದೇ ಸರಿ ಅನಿಸುತ್ತದೆ.

ಬೆಣ್ಣೆ ದೋಸೆ ಹೋಟೆಲಿನ ಮಾತನ್ನೇ ತೆಗೆದುಕೊಳ್ಳಿ. ‘ಎರಡು ದೋಸೆ ಬೇಕು’ ಅಂತ ಹುಡುಗ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾನೆ. ‘ಓಪನ್ನಾ, ಖಾಲಿನಾ?’ ಅಂತ ನೀವು ಕೇಳುತ್ತೀರಿ. ಅವನು ಪೆಚ್ಚಾಗಿ ನೋಡುತ್ತಾನೆ. ಆಗ ಭಾಷೆ ಬದಲಿಸಬೇಡಿ. ಕಾವಲಿಯ ಮೇಲಿನ ದೋಸೆ ತೋರಿಸಿ, ನಿಧಾನವಾಗಿ ಇನ್ನೊಮ್ಮೆ ಕೇಳಿ. ‘ಖಾಲಿ’ ಅಂತ ಒಂದೇ ಮಾತು ಬಂದರೂ ಸಾಕು. ‘ಎರಡೂ ಖಾಲಿನಾ?’ ಅಂತ ಮುಂದುವರಿಸಿ. ನಾಳೆಯೂ ಅವನು ನಿಮ್ಮಲ್ಲಿಗೇ ಬರುತ್ತಾನೆ.

ತಪ್ಪು ತಿದ್ದುವುದಕ್ಕೂ ಹದ ಬೇಕು. ‘ನಿನ್ನೆ ಅಪ್ಪ ಬರ್ತಾರೆ’ ಅಂದರೆ ನಗಬೇಡಿ; ನಕ್ಕರೆ ಅವತ್ತಿಗೆ ಬಾಯಿ ಮುಚ್ಚಿತು ಅಂತಲೇ ಲೆಕ್ಕ. ‘ಹೌದಾ, ನಿನ್ನೆ ಬಂದ್ರಾ? ಯಾವ ಟ್ರೈನಿಗೆ ಬಂದ್ರು?’ ಅನ್ನಿ. ಸರಿಯಾದ ರೂಪ ಎರಡು ಸಲ ಕಿವಿಗೆ ಬಿತ್ತು, ಮಾತೂ ಮುರಿಯಲಿಲ್ಲ. ಅವರಿಗಾಗಿ ಪುಸ್ತಕದ ಕನ್ನಡವನ್ನೂ ಆಡಬೇಡಿ. ಪುಸ್ತಕದಲ್ಲಿ ‘ಇದೆ’, ‘ಆಯಿತು’ ಕಲಿತವರಿಗೆ ವಾರ್ಡಿನಲ್ಲಿ ಸಿಗುವುದು ‘ಐತಿ’, ‘ಆತು’. ಎರಡೂ ಒಂದೇ ಅಂತ ಒಮ್ಮೆ ಹೇಳಿ, ಆಮೇಲೆ ನಿಮ್ಮ ಮಾತೇ ಇರಲಿ.

ಸಾಧ್ಯವಾದರೆ ಸುಗ್ಗಿಯಲ್ಲೊಂದು ಭಾನುವಾರ ಅವರನ್ನು ಹಳ್ಳಿಗೆ ಕರೆದುಕೊಂಡು ಹೋಗಿ. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದ ಹಿರಿಯರು ಅಲ್ಲಿರುತ್ತಾರೆ. ಮೆಕ್ಕೆಜೋಳದ ತೆನೆ ಸುಲಿಯುವ ಗುಂಪಿನಲ್ಲಿ ಕೂರಿಸಿ. ‘ಇದನ್ನ ಸುಲಿಯಪ್ಪ’, ‘ಸಿಪ್ಪಿ ಆ ಕಡೆ ಹಾಕವ್ವ’ ಅಂದಾಗ ಕೈ ನೋಡಿದರೇ ಅರ್ಥವಾಗುತ್ತದೆ. ಕೆಲಸ ಮುಗಿಯುವಷ್ಟರಲ್ಲಿ ಅವರೇ ಪಕ್ಕದವರಿಗೆ ‘ಆ ಕಡೆ ಹಾಕಿ’ ಅನ್ನುತ್ತಿರುತ್ತಾರೆ.