ಶ್ವಾಸಕೋಶದ ಅರ್ಬುದ ಮತ್ತು ಬೆಳವಣಿಗೆ ಅಂಶಗಳು



ಮಂಡೆಕೋಲಿನ ಸುತ್ತಲಿನ ಮನೆಗಳಿಂದ ನಮ್ಮಲ್ಲಿಗೆ ಬರುವ ಕೆಲವರ ಕೈಯಲ್ಲಿ ಶ್ವಾಸಕೋಶದ ಗಡ್ಡೆಯ ಪರೀಕ್ಷಾ ವರದಿಯಿರುತ್ತದೆ. ಅದರಲ್ಲಿ ‘ಇಜಿಎಫ್ಆರ್ ಪಾಸಿಟಿವ್’ ಎಂದಿರುವುದನ್ನು ಕಂಡು, ಇನ್ನು ಆಸೆಯಿಲ್ಲವೆಂದು ಭಾವಿಸಿ, ಆಸ್ಪತ್ರೆಯನ್ನು ಬಿಟ್ಟು ಕಷಾಯ ಕೇಳುವವರಿದ್ದಾರೆ. ಈ ತಪ್ಪು ಗ್ರಹಿಕೆಯು ಪ್ರಾಣಕ್ಕೇ ಎರವಾಗಬಲ್ಲದು.

ಜೀವಕೋಶಗಳಿಗೆ ಬೆಳೆಯಲು, ವಿಭಜನೆಗೊಳ್ಳಲು ಸೂಚನೆ ನೀಡುವ ಪ್ರೋಟೀನುಗಳೇ ಬೆಳವಣಿಗೆ ಅಂಶಗಳು. ಇವುಗಳ ಶೋಧಕ್ಕಾಗಿ ಸ್ಟಾನ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಸೂಚನೆಯನ್ನು ಸ್ವೀಕರಿಸಲು ಜೀವಕೋಶದ ಮೇಲ್ಮೈಯಲ್ಲಿರುವ ಗ್ರಾಹಕಗಳಲ್ಲಿ ಇಜಿಎಫ್ಆರ್ ಒಂದು. ವಿಇಜಿಎಫ್ ಎಂಬ ಅಂಶವು ಗಡ್ಡೆಗೆ ಹೊಸ ರಕ್ತನಾಳಗಳನ್ನು ಬೆಳೆಸಿ ಅದನ್ನು ಪೋಷಿಸುತ್ತದೆ.

ವಿಇಜಿಎಫ್ ಅಧಿಕವಾಗಿದ್ದರೆ ರೋಗವು ಉಗ್ರವಾಗಿರಬಹುದೆಂದು ಅನೇಕ ಅಧ್ಯಯನಗಳು ಸೂಚಿಸಿವೆ. ಇಜಿಎಫ್ಆರ್ ಪ್ರಮಾಣದ ವಿಷಯದಲ್ಲಿ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಆದ್ದರಿಂದ ಪ್ರಮಾಣವೊಂದರಿಂದಲೇ ಆಯುಷ್ಯವನ್ನು ಎಣಿಸಲಾಗದು. ರೋಗವು ಎಷ್ಟು ಹರಡಿದೆ, ರೋಗಿಯ ಬಲವೆಷ್ಟು ಎಂಬುದನ್ನೂ ನೋಡಬೇಕು. ವರದಿಯ ‘ಪಾಸಿಟಿವ್’ ಎಂಬ ಮಾತು ಸಾಮಾನ್ಯವಾಗಿ ಪ್ರಮಾಣವನ್ನು ಕುರಿತದ್ದಲ್ಲ, ಆ ಗ್ರಾಹಕದ ಜೀನಿನಲ್ಲಿ ಉಂಟಾದ ಬದಲಾವಣೆಯನ್ನು ಕುರಿತದ್ದು. ಇಂತಹ ಕೆಲವು ಬದಲಾವಣೆಗಳಿರುವವರಲ್ಲಿ ಗೆಫಿಟಿನಿಬ್ ಮಾತ್ರೆಯು ಚೆನ್ನಾಗಿ ಫಲಿಸುವುದೆಂದು 2004ರಲ್ಲಿ ತಿಳಿದುಬಂದಿತು. ಧೂಮಪಾನ ಮಾಡದವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಈ ಬದಲಾವಣೆಯು ಹೆಚ್ಚಾಗಿ ಕಾಣುತ್ತದೆ. ಹೆದರಿಕೆ ಹುಟ್ಟಿಸಿದ ಆ ಪದವೇ ಅನೇಕರಿಗೆ ಔಷಧದ ದಾರಿಯನ್ನು ತೋರಿಸುತ್ತದೆ.

ನಮ್ಮ ಆಯುರ್ವೇದವು ವ್ಯಾಧಿಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿದೆ. ಚಿಕಿತ್ಸೆ ನಡೆಯುವವರೆಗೆ ಹತೋಟಿಯಲ್ಲಿರುವುದು ಯಾಪ್ಯ. ಹರಡಿದ ರೋಗವನ್ನು ಈ ಮಾತ್ರೆಗಳು ಬುಡಸಹಿತ ಕೀಳಲಾರವು. ಕಾಲಾಂತರದಲ್ಲಿ ಅವುಗಳ ಪ್ರಭಾವ ಕುಗ್ಗುವುದೂ ಉಂಟು. ಆದರೂ ರೋಗವನ್ನು ತಡೆದು ನಿಲ್ಲಿಸಿ, ಉಸಿರಾಟವನ್ನು ಹಗುರಗೊಳಿಸಿ, ಬದುಕುವ ಕಾಲವನ್ನು ಹಿತವಾಗಿಸಬಲ್ಲವು. ಮಾತ್ರೆಯನ್ನು ನಿಲ್ಲಿಸಿ ಕಷಾಯವನ್ನು ಮಾತ್ರ ನಂಬುವುದನ್ನು ನಾವು ಒಪ್ಪೆವು. ಕೆಲವು ಮೂಲಿಕೆಗಳು ಮಾತ್ರೆಯ ಪರಿಣಾಮವನ್ನು ಏರುಪೇರು ಮಾಡುವುದರಿಂದ, ಸೇವಿಸುವ ಚೂರ್ಣ, ಲೇಹ್ಯಗಳನ್ನೆಲ್ಲ ಕ್ಯಾನ್ಸರ್ ತಜ್ಞರಿಗೆ ತಿಳಿಸಲೇಬೇಕು. ಪಥ್ಯ, ನಿದ್ರೆ, ಮನಸ್ಸಿನ ಸಮಾಧಾನಗಳಲ್ಲಿ ನಮ್ಮ ಪದ್ಧತಿಯು ನೆರವಾಗಬಲ್ಲದು.

ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳನ್ನು ಮಳೆಗಾಲದ ಶೀತವೆಂದು ಕಡೆಗಣಿಸಬಾರದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಿಂದ ಇಂತಹ ರೋಗಿಗಳಿಗೆ ಆಸರೆಯಾಗಿದೆ, ಮಂಗಳೂರಿನಲ್ಲಿಯೂ ತಜ್ಞರಿದ್ದಾರೆ. ಬಡ ಕುಟುಂಬಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ವಿಚಾರಿಸಬೇಕು.

ಶರಣರು ಶರೀರವನ್ನು ಕಾಯಕದ ಸಾಧನವೆಂದು ಗೌರವಿಸಿದರು. ಅದನ್ನು ಉಳಿಸಿಕೊಳ್ಳುವ ಪ್ರಯತ್ನವೂ ಕಾಯಕವೇ. ಬೀಡಿಯನ್ನು ಇಂದೇ ತ್ಯಜಿಸೋಣ. ವರದಿಯನ್ನು ಕಂಡು ಎದೆಗುಂದದೆ, ಅದರ ಅರ್ಥವನ್ನು ವೈದ್ಯರಿಂದ ಕೇಳಿ ತಿಳಿಯೋಣ.